ಬಾಸೆಲ್‌ನ ಹಾಸ್ಟೆಲಲ್ಲಿ ಮಂಗಳೂರಿನ ಹುಡುಗ

ದಾವಣಗೆರೆ ಅಂದ ಕೂಡಲೇ ಬೆಣ್ಣೆದೋಸೆ ಅನ್ನೋರೇ ಜಾಸ್ತಿ. ನಾನು ಅದರ ಪಕ್ಕದಲ್ಲಿ ಇನ್ನೊಂದು ಹೆಸರು ಇಡ್ತೀನಿ: ಹಾಸ್ಟೆಲ್. 1951ರಲ್ಲಿ ಬಿಡಿಟಿ ಇಂಜಿನಿಯರಿಂಗ್ ಕಾಲೇಜು ಬಂತು, 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಬಂತು, ಆಮೇಲೆ ಊರು ತುಂಬ ಹುಡುಗರು, ಹುಡುಗೀರು, ಟ್ರಂಕು, ಬಕೆಟ್ಟು. ಕಾಲೇಜುಗಳಿಗಿಂತ ಹಿಂದೆ ನಮ್ಮ ಕಡೆ ಮಠಗಳ ಪ್ರಸಾದ ನಿಲಯಗಳಿದ್ದವು. ಚಿತ್ರದುರ್ಗದ ಮುರುಘಾಮಠದ ಜಯದೇವ ಜಗದ್ಗುರುಗಳು ಹಳ್ಳಿ ಮಕ್ಕಳಿಗೆ ಊಟ, ವಸತಿ ಕೊಟ್ಟು ಓದಿಸಿದ ಕಥೆ ನಿಮ್ಮ ಅಜ್ಜಂದಿರನ್ನ ಕೇಳಿದ್ರೆ ಹೇಳ್ತಾರೆ.

ನಾನು ಹರಿಹರದವನು. ದಿನಾ ಬಸ್ಸಲ್ಲಿ ದಾವಣಗೆರೆಗೆ ಓಡಾಡಿ ಓದಿದವನು. ಹಾಸ್ಟೆಲ್ ನನಗೆ ಗೊತ್ತಿರೋದು ದೋಸ್ತರ ರೂಮಿನ ಮೂಲಕ. ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಅಲ್ಲಿಗೆ ಹೋದ್ರೆ ಕೊನೇ ಬಸ್ಸು ತಪ್ಪೋವರೆಗೂ ಮಾತು. ಆ ರೂಮಲ್ಲಿದ್ದ ಇಬ್ಬರು ಈಗ ಜರ್ಮನಿಯಲ್ಲಿ ಎಂಎಸ್ ಮುಗಿಸಿ ಅಲ್ಲೇ ಕೆಲಸದಲ್ಲಿದ್ದಾರೆ. ಅವರು ಹೊರಟಾಗ ನನಗೆ ಒಂದು ಪ್ರಶ್ನೆ ಹುಟ್ಟಿತು. ಕನ್ನಡ ನಾಡಿನಿಂದ ಹೀಗೆ ಯುರೋಪಿನ ಹಾಸ್ಟೆಲ್‌ಗೆ ಹೋಗಿ ವರ್ಷಗಟ್ಟಲೆ ಓದಿ ಬಂದ ಹಳಬರು ಯಾರು? ಹುಡುಕ್ತಾ ಹೋದಾಗ ಸಿಕ್ಕ ಒಬ್ಬ ಹುಡುಗನ ಕಥೆ ಇವತ್ತಿನದು. ಅವನು ಹೋಗಿದ್ದು ಇಂಜಿನಿಯರಿಂಗ್ ಓದೋಕಲ್ಲ. ಬೈಬಲ್ ಓದೋಕೆ.

ಹೆಸರು ಆನಂದರಾವ್ ಕೌಂಡಿನ್ಯ. 1825ರಲ್ಲಿ ಹುಟ್ಟಿದವನು, ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆ. ಅವನ ವಿದ್ಯಾರ್ಥಿ ದಿನಗಳ ಮಾತು ಮುಗಿಯೋವರೆಗೂ ಏಕವಚನದಲ್ಲೇ ಕರೀತೀನಿ, ಹಿರಿಯರು ಬೇಜಾರು ಮಾಡ್ಕೋಬೇಡಿ. ಹಾಸ್ಟೆಲ್ ಹುಡುಗನಿಗೆ ಬಹುವಚನ ಹಚ್ಚಿದ್ರೆ ಅವನೇ ನಕ್ಕುಬಿಡ್ತಾನೆ.

ಕಥೆ ಶುರುವಾಗೋದು ಅವನ ಮೇಷ್ಟ್ರಿಂದ. ಹರ್ಮನ್ ಮೊಗ್ಲಿಂಗ್. ಈ ಹೆಸರು ನೀವು ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನದ ಸುದ್ದಿಯಲ್ಲಿ ಕೇಳಿರ್ತೀರಿ. 1843ರ ಆ ದಿನ 'ಮಂಗಳೂರ ಸಮಾಚಾರ' ಹೊರಟಿತು, ಕನ್ನಡದ ಮೊದಲ ಪತ್ರಿಕೆ. ಅದನ್ನ ಹೊರಡಿಸಿದವರು ಇದೇ ಮೊಗ್ಲಿಂಗ್. ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು, 1811ರಲ್ಲಿ ಹುಟ್ಟಿ, ಟ್ಯೂಬಿಂಗೆನ್‌ನಲ್ಲಿ ಓದಿ, ಬಾಸೆಲ್ ಮಿಶನ್ ಕಡೆಯಿಂದ 1836ರಲ್ಲಿ ಮಂಗಳೂರಿಗೆ ಬಂದವರು. ಬಾಸೆಲ್ ಮಿಶನ್ ಅಂದ್ರೆ ಗೊತ್ತಾಗಲಿಲ್ವಾ? ಹಳೇ ಮನೆಯ ಮೇಲಿನ ಮಂಗಳೂರು ಹಂಚು ನೆನಪಿಸ್ಕೊಳ್ಳಿ. 1865ರಲ್ಲಿ ಜೆಪ್ಪುವಿನಲ್ಲಿ ಆ ಹಂಚಿನ ಕಾರ್ಖಾನೆ ತೆಗೆದವರು ಅವರೇ.

ಇಲ್ಲಿ ನಮ್ಮ ಹರಿಹರದ ವಿಷಯ ಸ್ವಲ್ಪ ಹೇಳಲೇಬೇಕು. ಆಗ ತುಂಗಭದ್ರೆ ಬರೀ ಹೊಳೆ ಅಲ್ಲ, ಗಡಿ. ಈ ದಡ ಮೈಸೂರು ಸೀಮೆ, ಆ ದಡ ರಾಣೆಬೆನ್ನೂರು, ಬೊಂಬಾಯಿ ಪ್ರಾಂತ. ಹೊಳೆಯ ಆಚೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆ ಬಾಸೆಲ್‌ನವರು 1837ರಿಂದ ಶಾಲೆ, ಚರ್ಚು ಅಂತ ಓಡಾಡ್ತಾ ಇದ್ರು. ಈಚೆ ಮೈಸೂರು ಸೀಮೆಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಶನ್‌ನವರು. ಹರಿಹರಕ್ಕೆ ದೊಡ್ಡ ಸೇತುವೆ ಆಗಿದ್ದೇ 1868ರಲ್ಲಿ. ಅದಕ್ಕೇ ನನಗನ್ನಿಸೋದು, ಕರಾವಳಿ ಮತ್ತು ಧಾರವಾಡದೋರಿಗೆ ಮನೆಮಾತಾದ ಈ ಬಾಸೆಲ್ ಕಥೆ ನಮ್ಮ ಕಡೆ ಅಷ್ಟಾಗಿ ದಾಟಿ ಬರಲೇ ಇಲ್ಲ.

ಮಂಗಳೂರಿಗೆ ವಾಪಸ್ ಬರೋಣ. ಮಿಶನ್ ಅಲ್ಲಿ 1838ರಲ್ಲಿ ಇಂಗ್ಲಿಷ್ ಶಾಲೆ ತೆಗೀತು. ಇಂಗ್ಲಿಷ್ ಬಂದ್ರೆ ಸರ್ಕಾರಿ ನೌಕರಿ, ಹಾಗಾಗಿ ಒಳ್ಳೇ ಮನೆತನದ ಹುಡುಗರು ಸೇರಿದರು. ಆನಂದರಾವ್ ಕೂಡ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಓದೋಕೆ ಕನ್ನಡ, ಇಂಗ್ಲಿಷ್. ಮೇಷ್ಟ್ರ ಜೊತೆ ವಾದ, ಚರ್ಚೆ ನಡೀತಾ ನಡೀತಾ ಅದು ಸ್ನೇಹವೂ ಆಯ್ತು. 1844ರ ಜನವರಿಯಲ್ಲಿ ಆನಂದರಾವ್ ಮತ್ತು ಇನ್ನಿಬ್ಬರು ಸಾರಸ್ವತ ಹುಡುಗರು ಕ್ರೈಸ್ತರಾದರು. ಆನಂದರಾವ್ ತನ್ನ ಹೆಸರಿನ ಮುಂದೆ ಮೇಷ್ಟ್ರ ಹೆಸರನ್ನೇ ಇಟ್ಕೊಂಡ: ಹರ್ಮನ್ ಆನಂದರಾವ್ ಕೌಂಡಿನ್ಯ. ವಯಸ್ಸು 18.

ಊರಲ್ಲಿ ದೊಡ್ಡ ಗದ್ದಲ ಆಯ್ತು. ಶಾಲೆಯಿಂದ ಮಕ್ಕಳನ್ನ ಬಿಡಿಸಿಕೊಂಡು ಹೋದರು. ಈ ಘಟನೆ ಹೇಳೋವಾಗ ಎರಡು ಥರದ ಜನ ಇರ್ತಾರೆ. ಒಬ್ಬರು ಹುಡುಗನ ಧೈರ್ಯ ಅಂತಾರೆ, ಇನ್ನೊಬ್ಬರು ಮೇಷ್ಟ್ರ ಮೋಸ ಅಂತಾರೆ. ನಾನು ಮೊದಲು ನೋಡೋದು ಆ ಮನೆ ಬಾಗಿಲನ್ನ. ಆ ಕಾಲದಲ್ಲಿ ಹೀಗೆ ಹೋದ ಮಗ ಮನೆಯವರ ಪಾಲಿಗೆ ಸತ್ತ ಹಾಗೇ. ಅವನಿಗೆ ಮದುವೆ ಆಗಿತ್ತು. ಹೆಂಡತಿ ಜೊತೆಗೆ ಬರಲಿಲ್ಲ. ಆಕೆಯ ಮುಂದಿನ ಬದುಕು ಏನಾಗಬಹುದಿತ್ತು ಅನ್ನೋದನ್ನ 1844ರ ಮಂಗಳೂರಲ್ಲಿ ಯಾರೂ ಆಕೆಯನ್ನ ಕೇಳಿ ನಿರ್ಧರಿಸ್ತಾ ಇರಲಿಲ್ಲ. ಹುಡುಗನ ಧೈರ್ಯ ನಿಜ. ಅದರ ಲೆಕ್ಕ ತೀರಿಸಿದವರಲ್ಲಿ ಆಕೆಯೂ ಒಬ್ಬಳು ಅನ್ನೋದೂ ನಿಜ.

ಮನೆ ಇಲ್ಲ, ಜಾತಿ ಇಲ್ಲ. ಇದ್ದದ್ದು ಮೇಷ್ಟ್ರು. ಮೊಗ್ಲಿಂಗ್ ಆಗ ಹುಡುಗರ ವಸತಿ ಶಾಲೆ ನಡೆಸ್ತಾ ಇದ್ದರು. ಬಂಗಲೆಯಲ್ಲಿ ಕೂತು ವರದಿ ಬರೆಯೋ ಜಾತಿಯವರಲ್ಲ, ಹುಡುಗರ ಮಧ್ಯೆಯೇ ಇದ್ದವರು. ಇದು ಅವರ ಮೇಲಿನವರಿಗೆ ಅಷ್ಟು ಹಿಡಿಸಲಿಲ್ಲ. ಮೊಗ್ಲಿಂಗ್ ರಜೆ ಮೇಲೆ ಯುರೋಪಿಗೆ ಹೊರಟಾಗ ಶಿಷ್ಯನನ್ನೂ ಕರಕೊಂಡು ಹೋದರು. ಸೂಯೆಜ್ ಕಾಲುವೆ ಆಗಿದ್ದು 1869ರಲ್ಲಿ, ಆಗಿನ್ನೂ ಇರಲಿಲ್ಲ. 1846ರಲ್ಲಿ ಕೌಂಡಿನ್ಯ ಬಾಸೆಲ್‌ನ ಮಿಶನ್ ಸೆಮಿನರಿ ಸೇರಿದ.

ಬಾಸೆಲ್ ಎಲ್ಲಿದೆ ಗೊತ್ತಲ್ಲ, ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಕೂಡೋ ಜಾಗ. ಮಧ್ಯೆ ರೈನ್ ಹೊಳೆ. ಹರಿಹರದವನಾಗಿ ನನಗೆ ಅದು ಚೆನ್ನಾಗಿ ಅರ್ಥ ಆಗತ್ತೆ. ಗಡಿ ಊರಿನೋರಿಗೆ ಎರಡೂ ದಡದ ಮಾತು ಬರತ್ತೆ, ಎರಡೂ ದಡದ ಸುದ್ದಿ ಬೇಗ ಮುಟ್ಟತ್ತೆ. ಮಿಶನ್ ಸಂಘ ಅಲ್ಲಿ 1815ರಲ್ಲಿ ಹುಟ್ಟಿತ್ತು, ಮರುವರ್ಷವೇ ಸೆಮಿನರಿ. ಈಗ ಬಾಸೆಲ್‌ಗೆ ಹೋದೋರಿಗೆ ತೋರಿಸೋ ದೊಡ್ಡ ಮಿಶನ್ ಮನೆ 1860ರದ್ದು. ನಮ್ಮ ಹುಡುಗ ಇದ್ದದ್ದು ಅದಕ್ಕೂ ಹಿಂದಿನ ಕಟ್ಟಡದಲ್ಲಿ.

ಅಲ್ಲಿ ಓದ್ತಾ ಇದ್ದವರು ಯಾರು? ಸಾಹೇಬರ ಮಕ್ಕಳು ಅಂತ ನಾನು ಅಂದ್ಕೊಂಡಿದ್ದೆ. ಅಲ್ಲ. ಬಹುಪಾಲು ವ್ಯುರ್ಟೆಂಬರ್ಗ್‌ನ ಹಳ್ಳಿ ಹುಡುಗರು. ಒಕ್ಕಲಿಗರ ಮಕ್ಕಳು, ನೇಕಾರರು, ಬಡಗಿಗಳು, ಚಮ್ಮಾರರ ಮಕ್ಕಳು. ಸಂಘ ನಡೆಸೋ ಸಮಿತಿಯಲ್ಲಿದ್ದವರು ಬಾಸೆಲ್‌ನ ಸಿರಿವಂತ ವ್ಯಾಪಾರಿಗಳು ಮತ್ತು ಪಾದ್ರಿಗಳು. ಹುಡುಗರಿಗೆ ಮಿಶನ್ ಅಂದ್ರೆ ದೇವರ ಕರೆ, ಜೊತೆಗೆ ಹಳ್ಳಿ ಬಿಟ್ಟು ಮೇಲೇರೋ ಒಂದೇ ಏಣಿ. ಬಡವರ ಮನೆ ಹುಡುಗನಿಗೆ ಗ್ರೀಕ್, ಹೀಬ್ರೂ, ಲ್ಯಾಟಿನ್, ಇಂಗ್ಲಿಷ್ ಕಲಿಸೋ ಇನ್ನೊಂದು ಜಾಗ ಅವನಿಗೆಲ್ಲಿ ಸಿಗಬೇಕು? ಪ್ರಸಾದ ನಿಲಯದಲ್ಲಿ ಉಂಡು ಓದಿ ಎಂಜಿನಿಯರ್ ಆದ ನಮ್ಮ ಕಡೆಯ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ಊಟದ ಮೇಜನ್ನ ಸ್ವಲ್ಪ ಕಣ್ಣೆದುರು ತಂದ್ಕೊಳ್ಳಿ. ಮಂಗಳೂರಲ್ಲಿ ಯಾರು ಮುಟ್ಟಿದ ನೀರು ಕುಡೀಬೇಕು ಅನ್ನೋದಕ್ಕೂ ಕಟ್ಟಳೆ ಇದ್ದ ಮನೆಯ ಹುಡುಗ. ಅವನ ಪಕ್ಕದಲ್ಲಿ ಬಡಗಿ ಮಗ, ಎದುರಿಗೆ ಚಮ್ಮಾರನ ಮಗ. ಎಲ್ಲರೂ ಬಿಳಿಯರು, ಅವನ ದೇಶದಲ್ಲಿ ಆಳ್ತಾ ಇರೋ ಬಣ್ಣದವರು. ಆದರೆ ಅಕ್ಷರದ ಲೆಕ್ಕದಲ್ಲಿ ಅವನೇ ತಲೆಮಾರುಗಳಿಂದ ಮುಂದೆ. ಜಾತಿಯ ಏಣಿಯಲ್ಲಿ ಒಂದು ಲೆಕ್ಕ, ಬಣ್ಣದ ಏಣಿಯಲ್ಲಿ ಇನ್ನೊಂದು, ಓದಿನ ಏಣಿಯಲ್ಲಿ ಮತ್ತೊಂದು. ಬಡಿಸ್ತಾ ಇದ್ದದ್ದು ಮಾತ್ರ ಒಂದೇ ಪಾತ್ರೆಯಿಂದ. ನಮ್ಮ ರಾಜ್ಯದಲ್ಲಿ ಇವತ್ತಿಗೂ ಹಾಸ್ಟೆಲ್ ಬೋರ್ಡುಗಳ ಮೇಲೆ ಸಮುದಾಯದ ಹೆಸರು ನೋಡ್ತೀವಿ. 1846ರ ಆ ಮೇಜು ಎಷ್ಟು ವಿಚಿತ್ರ ಆಗಿತ್ತು ಅಂತ ಲೆಕ್ಕ ಹಾಕಿ.

ಭಾಷೆಯ ಪಾಡು ಬೇರೆ. ಪಾಠ ಜರ್ಮನ್‌ನಲ್ಲಿ. ಪುಸ್ತಕದ ಜರ್ಮನ್ ಕಲಿತರೂ ರೂಮಿನ ಹುಡುಗರು ಮಾತಾಡೋದು ಅವರವರ ಹಳ್ಳಿ ಜರ್ಮನ್, ಬೀದಿಯಲ್ಲಿ ಬಾಸೆಲ್‌ನದೇ ಸ್ವಿಸ್ ಜರ್ಮನ್. ಮಂಗಳೂರು ಕನ್ನಡದ ಹುಡುಗ ದಾವಣಗೆರೆ ಹಾಸ್ಟೆಲ್‌ಗೆ ಬಂದು, 'ಲೇ, ಎಲ್ಲಿಗ್ ಹೊಂಟಿ' ಅಂತ ಕೇಳಿ ಕಕ್ಕಾಬಿಕ್ಕಿ ಆಗೋದನ್ನ ನಾನೇ ನೋಡಿದೀನಿ. ಅದಕ್ಕಿಂತ ಹತ್ತು ಪಟ್ಟು ಅಂದ್ಕೊಳ್ಳಿ.

ಗಂಟೆ ಹೊಡೆದ್ರೆ ಏಳಬೇಕು, ಗಂಟೆ ಹೊಡೆದ್ರೆ ಪ್ರಾರ್ಥನೆ, ಗಂಟೆ ಹೊಡೆದ್ರೆ ಪಾಠ. ಮಧ್ಯೆ ಮೈಮುರಿಯೋ ಕೆಲಸವೂ ಉಂಟು. ವಿದ್ಯಾರ್ಥಿಗಳು ಯಾರ ಜೊತೆಗೂ ಮದುವೆ ಮಾತು ಆಡೋ ಹಾಗಿಲ್ಲ. ಪರದೇಶಕ್ಕೆ ಕೆಲಸಕ್ಕೆ ಹೋದ ಮೇಲೂ ಸಮಿತಿ ಒಪ್ಪಿದ್ರೆ ಮಾತ್ರ ಮದುವೆ. ಎಷ್ಟೋ ಸಲ ಹೆಣ್ಣು ಹುಡುಕಿ ಹಡಗು ಹತ್ತಿಸ್ತಾ ಇದ್ದದ್ದೂ ಸಮಿತಿಯೇ. ಗಂಡು, ಹೆಣ್ಣು ಮೊದಲ ಸಲ ಮುಖ ನೋಡೋದು ಮಂಗಳೂರಿನ ಬಂದರಿನಲ್ಲಿ! ಅರೇಂಜ್ಡ್ ಮ್ಯಾರೇಜ್ ಭಾರತದ್ದು ಅಂತ ನಗೋ ನಮ್ಮ ಜರ್ಮನಿ ದೋಸ್ತರಿಗೆ ಇದನ್ನ ಕಳಿಸಿ.

ಆದರೆ ನನ್ನ ತಲೆಯಲ್ಲಿ ಕೂತುಬಿಟ್ಟ ನಿಯಮ ಬೇರೆ. ಬಾಸೆಲ್‌ನ ಆ ಮನೆಯಲ್ಲಿ ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಕಣ್ಣಿಡಬೇಕಿತ್ತು. ಸಹಪಾಠಿ ತಪ್ಪು ಮಾಡಿದ್ರೆ ಮೊದಲು ಅವನಿಗೇ ಹೇಳು, ಕೇಳದಿದ್ರೆ ಮೇಲಿನವರಿಗೆ ತಿಳಿಸು. ಇದು ಚಾಡಿ ಅಲ್ಲ, ಸೋದರ ಪ್ರೀತಿ, ಅವನ ಆತ್ಮಕ್ಕೆ ಒಳ್ಳೇದು ಅನ್ನೋದು ಅವರ ವಾದ. ಬೈಬಲ್‌ನಲ್ಲೇ ಆಧಾರ ತೋರಿಸ್ತಾ ಇದ್ದರು. ಇಷ್ಟು ಪ್ರಾಮಾಣಿಕ ಉದ್ದೇಶದಿಂದ ಇಷ್ಟು ಉಸಿರುಗಟ್ಟಿಸೋ ವ್ಯವಸ್ಥೆ ಕಟ್ಟಬಹುದು ಅನ್ನೋದು ನನಗೆ ಈ ಕಥೆಯಲ್ಲಿ ಬಹಳ ಕಾಡಿದ ವಿಷಯ.

ನಮ್ಮ ಹಾಸ್ಟೆಲ್ ಸ್ನೇಹದ ವ್ಯಾಕರಣವೇ ಇದಕ್ಕೆ ಉಲ್ಟಾ ಅಲ್ವಾ? ವಾರ್ಡನ್ ಬಂದಾಗ, 'ಸರ್, ಅವನಿಗೆ ಜ್ವರ, ಮಲಗಿದಾನೆ' ಅಂತ ಖಾಲಿ ಹಾಸಿಗೆ ಮೇಲೆ ದಿಂಬು ಹೊದ್ದಿಸಿ ಹೇಳೋನೇ ದೋಸ್ತ. ಅಲ್ಲಿ ದಿಂಬು ಎತ್ತಿ ತೋರಿಸೋನು ದೋಸ್ತ. ಯಾರ ಹತ್ತಿರ ಮನಸ್ಸು ಬಿಚ್ಚಬೇಕು? 'ನನಗೆ ಮನೆ ನೆನಪಾಗತ್ತೆ, ಅಮ್ಮನ ನೆನಪಾಗತ್ತೆ' ಅಂದ್ರೆ ಅದೂ ನಂಬಿಕೆಯ ಕೊರತೆ ಅಂತ ಯಾರೋ ಬರ್ಕೊಂಡ್ರೆ? ವಿಚಿತ್ರ ಅಂದ್ರೆ ಅದೇ ಮನೆಯಿಂದಲೇ ಕೆಲವು ಸ್ನೇಹಗಳು ಜೀವಮಾನವಿಡೀ ಉಳಿದವು. ಪರದೇಶದಲ್ಲಿ ಕಾಲರಾ, ಜ್ವರ, ಮಕ್ಕಳ ಸಾವು ಅಂತ ಬಂದಾಗ ಇವರಿಗೆ ಇದ್ದದ್ದು ಒಬ್ಬರಿಗೊಬ್ಬರೇ.

ಬಣ್ಣ ಬೇರೆಯಾದ ವಿದ್ಯಾರ್ಥಿ ಆ ಮನೆಗೆ ಕೌಂಡಿನ್ಯನೇ ಮೊದಲಿಗನೇನೂ ಅಲ್ಲ. ಜಾರ್ಜ್ ಪೀಟರ್ ಥಾಂಪ್ಸನ್ ಅಂತ ಪಶ್ಚಿಮ ಆಫ್ರಿಕಾದ ಹುಡುಗ, ಚಿಕ್ಕಂದಿನಲ್ಲೇ ಯುರೋಪಿಗೆ ಬಂದು ಬೆಳೆದು, ಇಲ್ಲೇ ಓದಿ 1842ರಲ್ಲಿ ಮುಗಿಸಿದ್ದ. ಜಮೈಕಾ ಮಾರ್ಗವಾಗಿ ಅವನನ್ನ ಈಗಿನ ಘಾನಾಕ್ಕೆ ಕಳಿಸಿದರು, ಆದರೆ ಕೆಲವೇ ವರ್ಷಗಳಲ್ಲಿ ಮಿಶನ್ ಅವನನ್ನ ಕೆಲಸದಿಂದ ತೆಗೀತು. ಕೌಂಡಿನ್ಯ ಹೋದ ಮೇಲೆ 1857ರಲ್ಲಿ ಘಾನಾದ ಡೇವಿಡ್ ಅಸಾಂಟೆ ಬಂದು ಐದು ವರ್ಷ ಓದಿದ. ಒಬ್ಬೊಬ್ಬರೇ, ನಡುವೆ ವರ್ಷಗಳ ಅಂತರ. ಇವತ್ತು ಸ್ಟುಟ್‌ಗಾರ್ಟ್‌ನಲ್ಲಿ ಇಳಿದ ಹುಡುಗನಿಗೆ ವಾಟ್ಸಾಪ್‌ನಲ್ಲಿ ಕನ್ನಡಿಗರ ಗುಂಪು ಸಿಗತ್ತೆ, ಸಾರಿನ ಪುಡಿ ಎಲ್ಲಿ ಸಿಗತ್ತೆ ಅಂತ ಹೇಳೋರು ಸಿಗ್ತಾರೆ. ಅಲ್ಲಿಂದ ಮನೆಗೆ ಕಾಗದ ಮುಟ್ಟೋಕೆ ಆಗ ತಿಂಗಳುಗಳೇ ಬೇಕಿತ್ತು, ಅದೂ ಕಾಗದ ತೆಗೆದುಕೊಳ್ಳೋ ಮನೆ ಇದ್ದರೆ.

ಅವನಿದ್ದ ವರ್ಷಗಳೂ ಸುಮ್ಮನೆ ವರ್ಷಗಳಲ್ಲ. ಹೋದ ಹೊಸದರಲ್ಲೇ ಯುರೋಪಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ. 1847ರ ನವೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಪ್ರಾಂತಗಳ ನಡುವೆಯೇ ಚಿಕ್ಕದೊಂದು ಯುದ್ಧ. 1848ರಲ್ಲಿ ಯುರೋಪ್ ತುಂಬ ಕ್ರಾಂತಿ. ಆ ಏಪ್ರಿಲ್‌ನಲ್ಲಿ ಬಾಸೆಲ್‌ನಿಂದ ತುಂಬಾ ದೂರವಿಲ್ಲದ ಕಾಂಡರ್ನ್‌ನಲ್ಲಿ ರಾಜರ ಸೈನ್ಯಕ್ಕೂ ಬಂಡುಕೋರರಿಗೂ ಗುಂಡಿನ ಕಾಳಗ. ಅದೇ ವರ್ಷ ಸ್ವಿಟ್ಜರ್ಲೆಂಡ್ ಹೊಸ ಸಂವಿಧಾನ ಬರ್ಕೊಳ್ತು. ಇತ್ತ ನಮ್ಮಲ್ಲಿ ಇನ್ನೂ ಕಂಪನಿ ಸರ್ಕಾರ. ಮಿಶನ್ ಮನೆಯವರಿಗೆ ಕ್ರಾಂತಿ ಅಂದ್ರೆ ದೇವರ ಭಯ ಇಲ್ಲದವರ ಕೆಲಸ. ಆದರೂ ಹೊಳೆಯಾಚೆ ರೈತರು ದೊರೆಗಳ ವಿರುದ್ಧ ಎದ್ದು ನಿಂತ ಸುದ್ದಿ, ಆಳಿಸಿಕೊಳ್ಳೋ ದೇಶದಿಂದ ಬಂದ ಒಬ್ಬ ಯುವಕ ಇದ್ದ ಊರಿಗೇ ಬಂದು ಮುಟ್ತಾ ಇತ್ತು.

ಕೊನೆಯ ವರ್ಷ ಒಂದು ಸ್ವಾರಸ್ಯ. 1850ರಲ್ಲಿ ಆ ಮನೆಗೆ ಹೊಸ ಜೂನಿಯರ್ ಒಬ್ಬ ಬಂದ. ಉತ್ತರ ಜರ್ಮನಿಯ ಸಮುದ್ರ ತೀರದ ಕಡೆಯವನು, ವಯಸ್ಸು 18, ಭಾಷೆ ಅಂದ್ರೆ ಪ್ರಾಣ. ಹೆಸರು ಫರ್ಡಿನೆಂಡ್ ಕಿಟ್ಟೆಲ್. ಹೌದು, ಅದೇ ಕಿಟ್ಟೆಲ್. ಮುಂದೆ ಕನ್ನಡದ ನಿಘಂಟು ಮಾಡಬೇಕಾದವನು ಕನ್ನಡ ನಾಡಿಗೆ ಕಾಲಿಡೋ ಮೂರು ವರ್ಷ ಮೊದಲೇ, 25 ವರ್ಷದ ಕನ್ನಡಿಗ ಸೀನಿಯರ್ ಇದ್ದ ಮನೆಯಲ್ಲಿ ಗಂಟೆ ಶಬ್ದಕ್ಕೆ ಏಳ್ತಾ ಇದ್ದ. ಅದೇ 1850ರಲ್ಲಿ ಮನೆಗೆ ಹೊಸ ಮುಖ್ಯಸ್ಥರೂ ಬಂದರು, ಯೋಸೆಫ್ ಯೋಸೆನ್‌ಹಾನ್ಸ್. ಮೊದಲೇ ಬಿಗಿ ಇದ್ದ ಶಿಸ್ತನ್ನ ಇನ್ನೂ ಬಿಗಿ ಮಾಡಿದವರು ಇವರು. ಧಾರವಾಡದ ಕಡೆ ಜನರ ಜೊತೆ ಬೆರೆತು ಓಡಾಡಿದ ಕಿಟ್ಟೆಲ್‌ಗೂ ಮೇಲಿನವರ ಜೊತೆ ಮುಂದೆ ಇರಿಸುಮುರಿಸು ತಪ್ಪಲಿಲ್ಲ.

1851ರಲ್ಲಿ ಕೌಂಡಿನ್ಯನಿಗೆ ಪಾದ್ರಿ ದೀಕ್ಷೆ ಆಯ್ತು. ಊರಿಗೆ ವಾಪಸ್. ಇನ್ನು ಬಹುವಚನ, ಯಾಕಂದ್ರೆ ಈಗ ಅವರೇ ಮೇಷ್ಟ್ರು. ಮಂಗಳೂರಿನ ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳೋಕೆ ಶುರು ಮಾಡಿದರು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ. ಐದು ವರ್ಷ ಒಂದೇ ಮೇಜಲ್ಲಿ ಉಂಡವರು ಕೆಲಸದ ಜಾಗದಲ್ಲೂ ಸಮಾನರಾ? ಕೌಂಡಿನ್ಯರ ಮಟ್ಟಿಗೆ ಉತ್ತರ ಹೌದು. ಅವರು ಯುರೋಪಿನವರಂತೆಯೇ ಪೂರ್ಣ ಮಿಶನರಿ. ಆದರೆ ಬಾಸೆಲ್ ನೋಡದೆ ಇಲ್ಲೇ ಓದಿ, ಇಲ್ಲೇ ದುಡಿದ ನಮ್ಮವರು? ಉಪದೇಶಿ, ಶಾಲಾ ಮಾಸ್ತರ, ಕೆಳಗಿನ ದರ್ಜೆ, ಕೆಳಗಿನ ಸಂಬಳ. ಅಂದ್ರೆ ಆ ಸಮಾನತೆ ಮನುಷ್ಯನಿಗೆ ಸಿಕ್ಕಿದ್ದಲ್ಲ, ಆ ಹಾಸ್ಟೆಲ್‌ನಲ್ಲಿ ಇದ್ದು ಬಂದದ್ದಕ್ಕೆ ಸಿಕ್ಕಿದ್ದು. ಫಾರಿನ್ ರಿಟರ್ನ್‌ಗೆ ಒಂದು ಕುರ್ಚಿ, ಲೋಕಲ್‌ಗೆ ಒಂದು ಸ್ಟೂಲು. ಇದು ಯಾವ ಶತಮಾನದ ಮಾತು ಅಂತ ನಿಮ್ಮ ಆಫೀಸಲ್ಲಿ ಒಮ್ಮೆ ನೋಡ್ಕೊಳ್ಳಿ.

ಮೊಗ್ಲಿಂಗ್ ಈ ಹೊತ್ತಿಗೆ ಇನ್ನೊಂದು ಹುಚ್ಚು ಹಚ್ಚಿಕೊಂಡಿದ್ದರು. 1848ರಿಂದ 1853ರವರೆಗೆ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಅನ್ನೋ ಮಾಲೆಯಲ್ಲಿ ಹಳೇ ಕನ್ನಡ ಕಾವ್ಯಗಳನ್ನ ಅಚ್ಚು ಹಾಕಿಸಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು. ಕ್ರೈಸ್ತ ಪಾದ್ರಿ ಬಸವಪುರಾಣ ಅಚ್ಚು ಹಾಕಿಸಿದ್ದಕ್ಕೆ ಹಣ ಕೊಟ್ಟವರು ನೀಲಗಿರಿಯಲ್ಲಿದ್ದ ಕಾಸಮೇಜರ್ ಅನ್ನೋ ನಿವೃತ್ತ ಜಡ್ಜು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಮೊಗ್ಲಿಂಗ್‌ಗೆ ಡಾಕ್ಟರೇಟ್ ಕೊಟ್ಟಿತು.

ಸ್ನೇಹಗಳ ಮಾತು ಬಂತಲ್ಲ, ಮೊಗ್ಲಿಂಗ್ ಅವರ ಇನ್ನಿಬ್ಬರನ್ನ ಹೇಳದೆ ಇರೋಕಾಗಲ್ಲ. ಒಬ್ಬರು ಗಾಟ್‌ಫ್ರೀಡ್ ವೈಗ್ಲೆ, ಬೈಬಲ್‌ನ ಕನ್ನಡ ಅನುವಾದಕ್ಕೆ ದುಡಿದವರು. ವೈಗ್ಲೆ 1855ರಲ್ಲಿ ತೀರಿಕೊಂಡಾಗ ಹೆಂಡತಿ ಪೌಲೀನ, ಮಕ್ಕಳು ಪರದೇಶದಲ್ಲಿ ಉಳಿದರು. ಮೊಗ್ಲಿಂಗ್ ಆಕೆಯನ್ನ ಮದುವೆಯಾಗಿ ಆ ಮಕ್ಕಳಿಗೆ ತಂದೆಯಾದರು. ಇನ್ನೊಬ್ಬರು ಹರ್ಮನ್ ಗುಂಡರ್ಟ್, ಟ್ಯೂಬಿಂಗೆನ್‌ನ ಓದಿನ ಕಾಲದ ಗೆಳೆಯ. ತಲಶ್ಶೇರಿಯಲ್ಲಿದ್ದವರು, ಮಲಯಾಳಕ್ಕೆ ನಿಘಂಟು ಕೊಟ್ಟವರು. 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ ಇವರ ಮಗಳ ಮಗ. ಒಬ್ಬ ದೋಸ್ತ ಕನ್ನಡದ ಮೊದಲ ಪತ್ರಿಕೆ ಮಾಡ್ತಾನೆ, ನಾಲ್ಕು ವರ್ಷದ ಮೇಲೆ ಇನ್ನೊಬ್ಬ ಮಲಯಾಳದಲ್ಲಿ 'ರಾಜ್ಯಸಮಾಚಾರಂ' ಹೊರಡಿಸ್ತಾನೆ. ಮೊಗ್ಲಿಂಗ್ ತೀರಿಕೊಂಡ ಮೇಲೆ ಅವರ ಜೀವನ ಚರಿತ್ರೆ ಬರೆದವರೂ ಗುಂಡರ್ಟ್ ಅವರೇ.

ಮೇಷ್ಟ್ರು ಮತ್ತು ಶಿಷ್ಯ ಮತ್ತೆ ಒಂದಾಗಿ ದುಡಿದದ್ದು ಕೊಡಗಿನಲ್ಲಿ. 1853ರಲ್ಲಿ ಮೊಗ್ಲಿಂಗ್ ಘಟ್ಟ ಹತ್ತಿದರು. ಅಲ್ಲಿ ಹೊಲೆಯರು ಜಮೀನ್ದಾರರ ಕೈಕೆಳಗೆ ಜೀತದ ಪಾಡಿನಲ್ಲಿದ್ದರು. ಅವರಲ್ಲಿ ಕ್ರೈಸ್ತರಾದವರಿಗಾಗಿ 1850ರ ದಶಕದ ಕೊನೆಗೆ ಒಂದು ಊರೇ ಎದ್ದಿತು, ಆನಂದಪುರ. ಹೆಸರಲ್ಲೇ ಆನಂದರಾಯರಿದ್ದಾರೆ. ಬಾಸೆಲ್‌ನ ಆ ಮೇಜಿನಿಂದ ಎದ್ದು ಬಂದ ಸಾರಸ್ವತರ ಹುಡುಗ ತನ್ನ ಉಳಿದ ಬದುಕಿನ ದೊಡ್ಡ ಪಾಲನ್ನ ಇಟ್ಟಿದ್ದು ಇಲ್ಲಿ, ಬೇರೆಯವರು ಅಂಗಳಕ್ಕೂ ಬಿಟ್ಟುಕೊಳ್ಳದ ಜನರ ನಡುವೆ. ಮತಾಂತರದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಈ ದೂರ ಎಷ್ಟು ಅಂತ ಒಮ್ಮೆ ಅಳೆದು ನೋಡಿ. ಮಂಗಳೂರಿಂದ ಬಾಸೆಲ್‌ಗಿಂತ ಇದೇ ಜಾಸ್ತಿ ಅನ್ಸತ್ತೆ ನನಗೆ.

1860ರಲ್ಲಿ ಎರಡು ಘಟನೆ. ಹೆಂಡತಿಯ ಕಾಯಿಲೆ ಕಾರಣ ಮೊಗ್ಲಿಂಗ್ ಜರ್ಮನಿಗೆ ಹೊರಟರು, ಮತ್ತೆ ಬರಲಿಲ್ಲ. ಅದೇ ವರ್ಷ ಕೌಂಡಿನ್ಯರು ವ್ಯುರ್ಟೆಂಬರ್ಗ್‌ನ ಮಾರಿ ರೈನ್‌ಹಾರ್ಟ್ ಅವರನ್ನ ಮದುವೆಯಾದರು. ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂದು ಎರಡು ವರ್ಷ ಆಗಿತ್ತಷ್ಟೆ, 1857ರ ದಂಗೆಯ ಸಿಟ್ಟು ಬಿಳಿಯರಲ್ಲಿ ಇನ್ನೂ ಆರಿರಲಿಲ್ಲ. ಆ ಹೊತ್ತಲ್ಲಿ ಕಂದು ಬಣ್ಣದ ಗಂಡ, ಬಿಳಿ ಬಣ್ಣದ ಹೆಂಡತಿ ಅಂದ್ರೆ ಮಡಿಕೇರಿಯ ಬಿಳಿಯರಲ್ಲೂ ಮಾತು, ಮಂಗಳೂರಿನ ರಥಬೀದಿಯಲ್ಲೂ ಮಾತು ಆಗದೆ ಇರುತ್ತಾ?

ಇನ್ನೊಂದು ಹಾಸ್ಟೆಲ್ ವಿಷಯ ಇದೆ. ಬಾಸೆಲ್ ಮಿಶನರಿಗಳು ತಮ್ಮ ಮಕ್ಕಳಿಗೆ ಆರು, ಏಳು ವರ್ಷ ಆದ ಕೂಡಲೇ ಯುರೋಪಿಗೆ ಕಳಿಸಬೇಕು ಅಂತ 1853ರಲ್ಲಿ ನಿಯಮ ಬಂತು. ಬಾಸೆಲ್‌ನಲ್ಲಿ ಅವರಿಗೊಂದು ಮಕ್ಕಳ ಮನೆ. ಮಂಗಳೂರು, ಧಾರವಾಡದಲ್ಲಿ ಆಯಾಗಳ ಹತ್ತಿರ ಕನ್ನಡ, ತುಳು ಕಲಿತು ಆಡಿದ ಮಕ್ಕಳು ಒಂದು ದಿನ ಹಡಗು ಹತ್ತಿದರೆ ಅಪ್ಪ ಅಮ್ಮನ ಮುಖ ಮತ್ತೆ ನೋಡೋದು ಹತ್ತೋ ಹದಿನೈದೋ ವರ್ಷಕ್ಕೆ, ಕೆಲವರಿಗೆ ಅದೂ ಇಲ್ಲ. ಬೇರೆಯವರ ಮಗನನ್ನ ಮನೆಯಿಂದ ಬಿಡಿಸಿಕೊಂಡವರು ಅಂತ ಬೈಸಿಕೊಂಡ ಜನ ತಮ್ಮ ಮಕ್ಕಳನ್ನೂ ಹೀಗೆ ಬಿಟ್ಟುಕೊಟ್ಟರು. ಈ ಒಂದು ವಿಷಯ ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಮೊಗ್ಲಿಂಗ್ 1881ರಲ್ಲಿ ಎಸ್‌ಲಿಂಗನ್ ಅನ್ನೋ ಊರಲ್ಲಿ ತೀರಿಕೊಂಡರು. ಕೌಂಡಿನ್ಯರು 1893ರಲ್ಲಿ. ಮರುವರ್ಷ, 1894ರಲ್ಲಿ, ಅವರ ಹಳೇ ಹಾಸ್ಟೆಲ್‌ನ ಜೂನಿಯರ್ ಕಿಟ್ಟೆಲ್ ಅವರ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಗೆ ಬಂತು, ಸುಮಾರು 70,000 ಪದ. ಮಿಶನ್‌ನ ಹಳೇ ಕಾಗದಪತ್ರ, ಫೋಟೋಗಳು ಈಗಲೂ ಬಾಸೆಲ್‌ನಲ್ಲಿವೆ, ಫೋಟೋಗಳನ್ನ ಆನ್‌ಲೈನ್‌ನಲ್ಲೂ ಹಾಕಿದ್ದಾರೆ. ಮಂಗಳೂರು, ಧಾರವಾಡ, ಕೊಡಗಿನ ಹಳೇ ಮುಖಗಳನ್ನ ಫೋನಲ್ಲೇ ನೋಡಬಹುದು. ಎದ್ದು ನಿಂತ ಹುಡುಗರ ಸಾಲು ಕಂಡಾಗ ಸ್ವಲ್ಪ ದೊಡ್ಡದು ಮಾಡಿ ನೋಡಿ. ಕೊನೇ ಸಾಲಲ್ಲಿ ನಗು ತಡಕೊಂಡು ನಿಂತಿರೋ ಒಬ್ಬನಾದ್ರೂ ಸಿಗ್ತಾನೆ.

ಮುಂದಿನ ಸಲ 1868ರ ಹರಿಹರದ ಸೇತುವೆ ಬಗ್ಗೆ ಮಾತಾಡೋಣ.